ಬೋರಲು ಇಟ್ಟ ಗ್ಲಾಸು

ಸಾಂಗ್ಲಿ, ಮಿರಜಿನಲ್ಲಿ ನನಗೆ ಗೊತ್ತಿಲ್ಲದ ಚಹಾದಂಗಡಿ ಇಲ್ಲವೆಂದು ನನ್ನ ಮಗಳು ಗೇಲಿ ಮಾಡುತ್ತಾಳೆ. ಅವಳ ಮಾತು ಅರ್ಧ ನಿಜ. ಮಿರಜಿನ ಒಂದು ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ತೆಗೆಯುವ ಕೆಲಸ ನನ್ನದು. ಬೆಳಗಿನಿಂದ ಜನರ ಕೈಗೆ ಸೂಜಿ ಚುಚ್ಚಿ, ಅವರ ಬೈಗುಳ ಕೇಳಿಸಿಕೊಂಡು, ಹನ್ನೊಂದರ ಹೊತ್ತಿಗೆ ಹೊರಗೆ ಬಂದು ಎದುರಿನ ಗಾಡಿಯ ಚಹಾ ಕುಡಿಯುವ ತನಕ ನನಗೆ ಮನುಷ್ಯಜಾತಿಯ ಮೇಲೆ ಪ್ರೀತಿ ಹುಟ್ಟುವುದಿಲ್ಲ. ಸ್ಟೇಷನ್ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಎಷ್ಟು ಹೊತ್ತಿಗೆ ಹಂಚಿನಿಂದ ನೇರ ತಾಟಿಗೆ ಬರುತ್ತದೆ, ಮೊಳಕೆಕಾಳಿನ ಮಿಸಳಿನಲ್ಲಿ ಯಾವುದರ ರಸ ನಿಜಕ್ಕೂ ಖಾರ, ಯಾವುದು ಬರೀ ಕೆಂಪು ಬಣ್ಣ, ಯಾವ ಗಾಡಿಯ ವಡಾಪಾವಿನಲ್ಲಿ ಮೆಣಸಿನಕಾಯಿಯನ್ನು ಕೇಳದೆ ಕೊಡುತ್ತಾರೆ, ಇವೆಲ್ಲ ನನಗೆ ಬಾಯಿಪಾಠ. ದೊಡ್ಡ ಹೋಟೆಲುಗಳ ಸುದ್ದಿ ಮಾತ್ರ ನನ್ನನ್ನು ಕೇಳಬೇಡಿ. ಕುರ್ಚಿ ಎಳೆದುಕೊಡಲು ಒಬ್ಬ ಮನುಷ್ಯ ಬಂದು ಹಿಂದೆ ನಿಂತರೆ ನನ್ನ ಹಸಿವು ಅಲ್ಲೇ ಇಂಗಿಹೋಗುತ್ತದೆ.

ನನಗೆ ಸೇರುವುದು ಬೆಂಚಿನ ಹೋಟೆಲು. ಒಳಗೆ ಹೋದರೆ ಯಾರಾದರೂ ಸ್ವಲ್ಪ ಸರಿದು ಜಾಗ ಕೊಡುತ್ತಾರೆ. ನೀವು ಯಾವೂರವರು, ಯಾರ ಪೈಕಿ ಎಂದು ಯಾರೂ ಕೇಳುವುದಿಲ್ಲ. ಗ್ಲಾಸು ತಂದು ಮುಂದೆ ಕುಕ್ಕುತ್ತಾರೆ, ಕುಕ್ಕಿದ ರಭಸಕ್ಕೆ ಸ್ವಲ್ಪ ಚಹಾ ಮೇಜಿನ ಮೇಲೆ ಚೆಲ್ಲುತ್ತದೆ. ಎದುರಿಗೆ ಕೂತವನು ವಕೀಲನೋ ಹಮಾಲನೋ, ಅವನಿಗೂ ಅದೇ ಗ್ಲಾಸು, ಅದೇ ಕುಕ್ಕುವಿಕೆ. ಈ ಒರಟುತನದಲ್ಲಿ ಒಂದು ದೊಡ್ಡ ಸಮಾಧಾನವಿದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಈಗಲೂ ನಂಬುತ್ತೇನೆ.

ಆದರೆ ಅವ್ವನನ್ನು ಕರೆದುಕೊಂಡು ಹೋದ ದಿನ ಮಾತ್ರ ನನ್ನ ಚಹಾ ಕೆಡುತ್ತಿತ್ತು.

ಅವ್ವ ಎಲ್ಲರ ಹಾಗೆಯೇ ಕೂತು, ಎಲ್ಲರ ಹಾಗೆಯೇ ಊದಿ ಊದಿ ಕುಡಿಯುತ್ತಿದ್ದಳು. ಕುಡಿದು ಮುಗಿಸಿದ ಮೇಲೆ ಗ್ಲಾಸನ್ನು ಕೈಯಲ್ಲೇ ಹಿಡಿದು ಏಳುತ್ತಿದ್ದಳು. ನಲ್ಲಿ ಎಲ್ಲಿದೆ ಎಂದು ಅವಳು ಬಂದ ಕೂಡಲೇ ನೋಡಿಟ್ಟುಕೊಂಡಿರುತ್ತಿದ್ದಳು. ಅಲ್ಲಿಗೆ ಹೋಗಿ ಮೊದಲು ಹೊರಗೆ, ಆಮೇಲೆ ಮೂರು ಬೆರಳು ಒಳಗೆ ಹಾಕಿ ತಿರುವಿ ತೊಳೆದು, ನೀರು ಝಾಡಿಸಿ, ಗೋಡೆಯ ಕಟ್ಟೆಯ ಮೇಲೆ ಗ್ಲಾಸನ್ನು ಬೋರಲು ಇಡುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಬಂದು, "ನಡಿ, ಹೋಗೂಣು" ಎನ್ನುತ್ತಿದ್ದಳು.

"ಅವ್ವಾ, ಇಡು ಅದನ್ನ. ತೊಳಿಯಾಕ ಮಂದಿ ಅದಾರ."

"ಆತು ಬಿಡು, ತೊಳದಾತು."

ಇಪ್ಪತ್ತು ವರ್ಷ ನಮ್ಮಿಬ್ಬರ ನಡುವೆ ಇಷ್ಟೇ ಮಾತು, ಬೇರೆ ಬೇರೆ ಹೋಟೆಲುಗಳಲ್ಲಿ. ನಾನು ಅವ್ವನಿಂದ ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಅವಳು ಒಂದೇ ಒಂದು ಸಲ ಕುಡಿದ ಗ್ಲಾಸನ್ನು ಮೇಜಿನ ಮೇಲೆ ಬಿಟ್ಟು, ಹಿಂದೆ ತಿರುಗಿ ನೋಡದೆ ಎದ್ದುಬರಬೇಕು. ಅದೊಂದನ್ನು ನೋಡಿ ಕಣ್ಣು ಮುಚ್ಚಬೇಕೆಂಬುದು ನನ್ನ ಹಟವಾಗಿತ್ತು.

ಅಪ್ಪ ಅವ್ವ ಇಬ್ಬರೂ ವಿಜಯಪುರದ ಕಡೆಯ ಒಂದು ಹಳ್ಳಿಯಿಂದ ದುಡಿಯಲು ಬಂದವರು. ಅಪ್ಪ ಸಾಂಗ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಶಿನದ ಚೀಲ ಹೊರುತ್ತಿದ್ದ. ಅವ್ವ ಅಲ್ಲೇ ಗೋದಾಮಿನಲ್ಲಿ ಅರಿಶಿನದ ಕೊಂಬು ಆರಿಸುತ್ತಿದ್ದಳು. ನಮ್ಮ ಮನೆ ಸಾಂಗ್ಲಿಯ ಪಕ್ಕದ ಬುಧಗಾಂವದಲ್ಲಿ. ಸಂಜೆಯ ಬಸ್ಸಿನಲ್ಲಿ ಅವರಿಬ್ಬರೂ ಹತ್ತಿದರೆ ಕಂಡಕ್ಟರನಿಗೆ ನೋಡದೆಯೇ ಗೊತ್ತಾಗುತ್ತಿತ್ತು, ವಾಸನೆ ಅಷ್ಟು. ಮೈಮೇಲಿನ ಬೆವರೂ ಹಳದಿಯಾಗಿ ಇಳಿಯುತ್ತಿತ್ತು.

ಯಾರ್ಡಿನ ಹಿಂದೆ ತಗಡಿನ ಮಾಡಿನ ಒಂದು ಹೋಟೆಲಿತ್ತು, ಇನ್ನೂ ಇದೆ. ಮಾಲೀಕರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಜೈನರು. ಅವರ ಹಿರಿಯರು ಯಾವ ಕಾಲದಲ್ಲೋ ಕನ್ನಡದ ಕಡೆಯಿಂದ ಬಂದು ಇಲ್ಲಿ ಹೊಲ ಮಾಡಿದವರು. ಗಿರಾಕಿಗಳೊಂದಿಗೆ ಮರಾಠಿ, ನಮ್ಮಂಥವರೊಂದಿಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಚಾತುರ್ಮಾಸದ ನಾಲ್ಕು ತಿಂಗಳು ಅವರ ಅವಲಕ್ಕಿಯಲ್ಲಿ ಈರುಳ್ಳಿ ಇರುತ್ತಿರಲಿಲ್ಲ. ಹಮಾಲರು ಗೊಣಗಿಕೊಂಡೇ ಎರಡೆರಡು ಪ್ಲೇಟು ತಿನ್ನುತ್ತಿದ್ದರು.

ರಜೆ ಇದ್ದಾಗ ನನ್ನನ್ನೂ ಅಲ್ಲಿಗೆ ಕರೆದೊಯ್ಯುತ್ತಿದ್ದರು. ಅಪ್ಪ ಚಹಾ ಮುಗಿಸಿ, ಗ್ಲಾಸನ್ನು ಟಕ್ಕೆಂದು ಮೇಜಿನ ಮೇಲಿಟ್ಟು, ಎದ್ದು ಹೊರಟುಬಿಡುತ್ತಿದ್ದ. ಆ ಟಕ್ ಸದ್ದನ್ನು ಅವನು ಬೇಕೆಂದೇ ಸ್ವಲ್ಪ ಜೋರಾಗಿ ಮಾಡುತ್ತಿದ್ದ ಎಂದು ಈಗ ಅನಿಸುತ್ತದೆ. ಅವ್ವ ತನ್ನ ಗ್ಲಾಸಿನ ಜೊತೆ ಅವನದನ್ನೂ ಎತ್ತಿಕೊಂಡು ನಲ್ಲಿಗೆ ಹೋಗುತ್ತಿದ್ದಳು. ನಾನು ನನ್ನದನ್ನು ಹಿಡಿದು ಅವಳ ಹಿಂದೆ. ಮನೆಯಲ್ಲಿ ಗಂಡಸರು ಬಿಟ್ಟುಹೋದ ತಾಟನ್ನು ಹೆಂಗಸರು ತೊಳೆಯುವುದಿಲ್ಲವೆ, ಹೋಟೆಲಿನಲ್ಲೂ ಹಾಗೆಯೇ ಎಂದು ನಾನು ತಿಳಿದುಕೊಂಡಿದ್ದೆ. ನೋಡಿದ್ದನ್ನು ಕಲಿಯುವುದು ಬಿಟ್ಟು ಮಕ್ಕಳಿಗೆ ಬೇರೆ ಏನು ಗೊತ್ತು!

ಸಾಂಗ್ಲಿಯ ಕಾಲೇಜಿಗೆ ಸೇರಿದ ಮೊದಲ ವಾರ. ಕ್ಯಾಂಟೀನಿನಲ್ಲಿ ನಾವು ಐದು ಹುಡುಗಿಯರು ಚಹಾ ಕುಡಿದೆವು. ನಾನು ನನ್ನ ಗ್ಲಾಸು ಎತ್ತಿಕೊಂಡು ನಲ್ಲಿ ಹುಡುಕಿಕೊಂಡು ಹೋಗಿ, ಚೆನ್ನಾಗಿ ತೊಳೆದು, ಕಿಟಕಿಯ ಕಟ್ಟೆಯ ಮೇಲೆ ಬೋರಲು ಇಟ್ಟು ಬಂದೆ. ಮೂವರು ಬಿದ್ದು ಬಿದ್ದು ನಕ್ಕರು. ಹೋಟೆಲಿಗೆ ಬಂದರೂ ಇವಳನ್ನು ಮನೆಗೆಲಸ ಬಿಡುವುದಿಲ್ಲ ಎಂದರು. ನಾನೂ ನಕ್ಕೆ. ನಾಲ್ಕನೆಯವಳು ನಗಲಿಲ್ಲ. ಕಿಟಕಿಯ ಮೇಲಿನ ಗ್ಲಾಸನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ನಿನ್ನ ಅಡ್ಡಹೆಸರೇನು, ಅಂದರೆ ಮನೆತನದ ಹೆಸರೇನು ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು.

ಹೇಳಿದೆ. ಆಗಲೂ ನನಗೆ ಏನೂ ಹೊಳೆಯಲಿಲ್ಲ.

ಅವಳು ಕೆಟ್ಟವಳಲ್ಲ. ಮರುದಿನವೂ ನಮ್ಮ ಜೊತೆಗೇ ಕೂತಳು, ನೋಟ್ಸು ಕೊಟ್ಟಳು, ಪರೀಕ್ಷೆಗೆ ಜೊತೆಗೆ ಓದಿದಳು. ಆದರೆ ನಾವು ಹುಡುಗಿಯರು ಒಂದೇ ಗ್ಲಾಸನ್ನು ಕೈಯಿಂದ ಕೈಗೆ ದಾಟಿಸಿ ಕುಡಿಯುತ್ತಿದ್ದೆವಲ್ಲ, ನನ್ನ ಸರದಿ ಆದ ಮೇಲೆ ಅವಳಿಗೆ ಯಾವಾಗಲೂ "ಈಗ ಬೇಡ" ಇರುತ್ತಿತ್ತು. ಅದು ಅರ್ಥವಾಗಲು ನನಗೆ ತಿಂಗಳು ಹಿಡಿಯಿತು. ಅರ್ಥವಾದ ದಿನ ಮೈಯೆಲ್ಲ ಉರಿದುಹೋಯಿತು. ಬುಧಗಾಂವದ ಬಸ್ಸು ಇಳಿದು ಮನೆಗೆ ಓಡಿದವಳೇ ಅವ್ವನ ಮೇಲೆ ಹರಿಹಾಯ್ದೆ.

"ಗ್ಲಾಸ್ ತೊಳಿಯೂದ ಯಾಕ ಕಲಿಸಿದಿ ನನಗ?"

ಅವ್ವ ರೊಟ್ಟಿ ಬಡಿಯುತ್ತಿದ್ದಳು. "ನಾ ಎಲ್ಲಿ ಕಲಿಸೇನಿ? ನೀನ ನೋಡಿ ಕಲ್ತಿ. ನಿಮ್ಮಪ್ಪನ್ನ ನೋಡಿ ಕಲೀಬೇಕಿತ್ತು."

ಆಮೇಲೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ತನ್ನ ಊರಿನ ಚಹಾದಂಗಡಿಯ ಮಾತು ತೆಗೆದಳು. ಅದಕ್ಕೂ ಮೊದಲು ನನ್ನೆದುರು ಅವಳು ಆ ಮಾತು ಆಡಿರಲಿಲ್ಲ.

ನಾವು ಈಗ ಬೌದ್ಧರು. ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರವಿದೆ. ಆದರೆ ಅವ್ವನ ಊರಿನಲ್ಲಿ ನಮ್ಮವರನ್ನು ಕರೆಯುತ್ತಿದ್ದ ಹೆಸರು ಬೇರೆ, ನಮ್ಮವರ ಮನೆಗಳು ಊರ ಹೊರಗೆ. ಆ ಊರ ಹೋಟೆಲಿನ ಒಳಗೆ ಬೆಂಚುಗಳಿದ್ದವು. ಹೊರಗೋಡೆಯಲ್ಲಿ ಕೊರೆದ ಮಾಡದಲ್ಲಿ ಹಿಡಿಕೆ ಮುರಿದ ಮೂರು ಕಪ್ಪುಗಳಿದ್ದವು, ಅವು ನಮ್ಮವರಿಗೆ. ತಾವೇ ತೆಗೆದುಕೊಂಡು ಹಿಡಿಯಬೇಕು, ಮಾಲೀಕ ಮೇಲಿನಿಂದ ಹೊಯ್ಯುತ್ತಾನೆ. ನೆಲದ ಮೇಲೆ ಕೂತು ಕುಡಿದು, ತೊಳೆದು, ಮತ್ತೆ ಅದೇ ಮಾಡದಲ್ಲಿ ಬೋರಲು ಇಡಬೇಕು.

ಅವ್ವನಿಗೆ ಆಗ ಏಳೆಂಟು ವರ್ಷ. ನಮ್ಮಜ್ಜ ಅವಳನ್ನು ಒಮ್ಮೆ ಚಹಾ ಕುಡಿಸಲು ಕರೆದೊಯ್ದಿದ್ದ. ಕುಡಿದು ಮುಗಿಸುವಷ್ಟರಲ್ಲಿ ಮದುವೆಯ ದಿಬ್ಬಣದ ಬಸ್ಸೊಂದು ಬಾಜಾ ಬಾರಿಸುತ್ತ ಊರೊಳಗೆ ಬಂತು. ಹುಡುಗಿ ಕಪ್ಪನ್ನು ಕಲ್ಲಿನ ಮೇಲಿಟ್ಟು ಅದನ್ನು ನೋಡಲು ಓಡಿದಳು. ಹಿಂದಿನಿಂದ ಯಾರೋ ಕೂಗಿದ್ದು ಕೇಳಿಸಿತಂತೆ, ಬಾಜಾದ ಗದ್ದಲದಲ್ಲಿ ಅದು ತನಗೇ ಎಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅಜ್ಜ ಬಂದು ಅವಳ ಕೈ ಹಿಡಿದು ಹೋಟೆಲಿಗೆ ತಿರುಗಿ ಕರೆದೊಯ್ದ.

"ಬೆಂಚಿನ ಮ್ಯಾಲಿದ್ದವ್ರೆಲ್ಲಾ ಚಹಾ ಬಿಟ್ಟು ನನ್ನನ್ನ ನೋಡಾಕತ್ತಿದ್ರು. ತೊಳದೆ. ಹೋಟೆಲಿನಂವ ಇನ್ನೊಮ್ಮೆ ಅಂದ. ಇನ್ನೊಮ್ಮೆ ತೊಳದೆ. ಮತ್ತೊಮ್ಮೆ ಅಂದಾಗ ಅಪ್ಪ ನನ್ನ ಕೈಯಾಗಿಂದ ಕಸಗೊಂಡು ತಾನ ತೊಳದ. ಅಷ್ಟ ಮಂದಿ ಮುಂದ."

"ಅಜ್ಜ ಏನ ಅಂದ ನಿನಗ?"

"ದಾರ್‍ಯಾಗ ಅಂದ, ನಿಂದೇನೂ ತಪ್ಪಿಲ್ಲವ್ವಾ ಅಂತ. ಮತ್ತ ಅವತ್ತಿನಿಂದ ಚಹಾ ಬಿಟ್ಟಬಿಟ್ಟ. ಸಾಯೂಮಟಾ ಕುಡೀಲಿಲ್ಲ."

ಅವ್ವ ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು. "ಗ್ಲಾಸ್ ಇಟ್ಟು ನಾಕ ಹೆಜ್ಜಿ ನಡದ್ರ ಹಿಂದಿಂದ ಯಾರೋ ಕರೀತಾರ ಅನಸ್ತೈತಿ ನನಗ. ಇಲ್ಲಿ ಯಾರೂ ಕರೆಯೂದಿಲ್ಲ, ಗೊತ್ತೈತಿ. ಆದ್ರ ಕೈ ಕೇಳೂದಿಲ್ಲ. ತೊಳದ ಬಂದ್ರ ನಿಶ್ಚಿಂತಿ."

ಅಂದಿನಿಂದ ನನ್ನ ಆಸೆ ಹಟವಾಯಿತು. ಆ ಹಿಂದಿನ ಕೂಗನ್ನು ಅವಳ ಕಿವಿಯಿಂದ ಕಿತ್ತು ತೆಗೆಯಬೇಕು. ಅದಕ್ಕೆ ಬೇಕಾದದ್ದು ಒಂದೇ ಒಂದು ಬಿಟ್ಟುಬಂದ ಗ್ಲಾಸು ಎಂದುಕೊಂಡೆ. ಕೆಲಸ ಸಿಕ್ಕ ಮೇಲೆ, ಅಪ್ಪ ತೀರಿಕೊಂಡ ಮೇಲಂತೂ, ವಾರದ ರಜೆ ಬಂತೆಂದರೆ ಅವ್ವನನ್ನು ಹೊರಡಿಸಿಬಿಡುತ್ತಿದ್ದೆ. ಸಾಂಗ್ಲಿಯಲ್ಲಿ ಮಿಸಳ್ ತಿನ್ನಿಸಿದೆ. ಅವಳು ಖಾಲಿ ಬಟ್ಟಲು, ಚಮಚ, ಪಾವಿನ ತಟ್ಟೆ ಎಲ್ಲವನ್ನೂ ಒಂದರ ಮೇಲೊಂದು ಒಟ್ಟಿಕೊಂಡು ಎದ್ದಳು. ಮಿರಜಿನ ಖಾನಾವಳಿಯಲ್ಲಿ ಊಟ ಮಾಡಿಸಿದೆ. ಅಲ್ಲಿ ಬಡಿಸುವವನು ಅವಳ ಕೈಯಿಂದ ತಾಟನ್ನು ಕಸಿದುಕೊಳ್ಳಬೇಕಾಯಿತು. "ಆಜೀ, ನಮ್ಮ ಹೊಟ್ಟಿ ಮ್ಯಾಲೆ ಯಾಕ ಕಾಲ ಇಡ್ತೀರಿ?" ಎಂದು ಅವನು ನಗೆಯಾಡಿದ. ಅವ್ವನೂ ನಕ್ಕಳು. ತಾಟು ಹೋಯಿತಲ್ಲ ಎಂದು ನೀರು ಕುಡಿದ ಲೋಟವನ್ನು ತೊಳೆದಿಟ್ಟು ಬಂದಳು.

ಒಂದು ವಿಷಯ ಮಾತ್ರ ನನ್ನ ತಲೆಗೆ ಬಹಳ ತಡವಾಗಿ ಬಂತು. ಅವ್ವನಿಗೆ ಕೃಷ್ಣೆಯ ಘಾಟಿನ ಭೇಳ್ ಎಂದರೆ ಪ್ರಾಣ, ಗಾಡಿಯ ವಡಾಪಾವ್ ಎಂದರೆ ಪ್ರಾಣ. ಭಡಂಗ ಅಂತೂ, ಅದೇ ನಮ್ಮ ಸಾಂಗ್ಲಿಯ ಖಾರದ ಮಂಡಕ್ಕಿ, ಪೊಟ್ಟಣಗಟ್ಟಲೆ ತಿನ್ನುತ್ತಿದ್ದಳು. ಅವಳಿಗೆ ಖಾರ ಇಷ್ಟ ಎಂದು ನಾನು ತಿಳಿದಿದ್ದೆ. ಒಂದು ಸಂಜೆ ಘಾಟಿನ ಮೆಟ್ಟಿಲ ಮೇಲೆ ಕೂತು ಭೇಳ್ ತಿಂದು, ಕಾಗದವನ್ನು ಮುದುಡಿ ಬುಟ್ಟಿಗೆ ಎಸೆದು, ಅವಳು ಕಾಲು ಚಾಚಿ ಹೊಳೆ ನೋಡುತ್ತ ಕೂತಳು. ಏಳುವ ಅವಸರವೇ ಇರಲಿಲ್ಲ. ಅವಳು ಅಷ್ಟು ಆರಾಮಾಗಿ ಕೂತದ್ದನ್ನು ಯಾವ ಹೋಟೆಲಿನಲ್ಲೂ ನಾನು ಕಂಡಿರಲಿಲ್ಲ. ಆಗ ತಿಳಿಯಿತು. ಕಾಗದಕ್ಕೆ ತೊಳೆಯುವ ಕೆಲಸವಿಲ್ಲ. ಗಾಡಿಗಳಿಗೆ ಕಾಗದದ ಕಪ್ಪು ಬಂದಾಗ ಊರೆಲ್ಲ ಚಹಾದ ರುಚಿ ಹೋಯಿತೆಂದು ಬೈಯಿತು, ನಾನೂ ಬೈದೆ. ಅವ್ವ ಬೈಯಲಿಲ್ಲ.

ಇನ್ನು ನಾನು ಮಾಡಿದ ತಪ್ಪಿನ ಮಾತು. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆಯುವ ಹಕ್ಕು ನನಗಿಲ್ಲ.

ಕಾಕಾನ ಹೋಟೆಲಿನಲ್ಲಿ ಒಂದು ಮಧ್ಯಾಹ್ನ ಕೂತಿದ್ದೆವು. ಅವ್ವ ಎಂದಿನಂತೆ ಗ್ಲಾಸು ತೊಳೆದು ಕಟ್ಟೆಯ ಮೇಲೆ ಬೋರಲು ಇಟ್ಟಳು. ಅಲ್ಲಿ ಪಾತ್ರೆ ತೊಳೆಯುವ ಹೆಂಗಸು ಬಂದು, ಆ ಗ್ಲಾಸನ್ನು ಎತ್ತಿ, ಮತ್ತೆ ತೊಳೆಯಲು ನೀರಿನ ಬಕೆಟ್ಟಿನ ಕಡೆ ನಡೆದಳು. ಅದನ್ನು ನಾನು ನೋಡಿದೆ. ನನಗೆ ಸಿಟ್ಟು ಬಂದರೆ ಮೂಗಿನ ಮೇಲೆ ನಿಲ್ಲುವುದಿಲ್ಲ, ನೇರ ಬಾಯಿಗೆ ಬರುತ್ತದೆ.

"ತೊಳದ ಗ್ಲಾಸ್ ಮತ್ತ ಯಾಕ ತೊಳೀತೀರಿ?" ಎಂದು ಎದ್ದು ನಿಂತೆ.

ಕಾಕಾ ಗಾಬರಿಯಾದರು. "ಎಲ್ಲಾನೂ ಬಿಸಿನೀರಾಗ ತಗೀತೇವವ್ವಾ. ಒಂದ ಅಂತ ಅಲ್ಲ."

"ಇಷ್ಟ ವರ್ಷ ಆಕಿ ತೊಳಿಯೂದ ನೋಡೀರಿ. ಒಂದ ದಿನ ಬ್ಯಾಡ ಅಂದೀರೇನು? ಒಳಗ ನಿಮಗೂ ಛಲೋ ಅನಸಿರಬೇಕು."

ಹಮಾಲರು ಪಾವು ಅದ್ದುವುದನ್ನು ನಿಲ್ಲಿಸಿದರು. ಕಾಕಾ ಆ ಹೆಂಗಸಿನ ಕೈಯಿಂದ ಗ್ಲಾಸು ತೆಗೆದುಕೊಂಡು, ಒಲೆಯ ಮೇಲೆ ಕುದಿಯುತ್ತಿದ್ದ ಚಹಾವನ್ನು ಅದಕ್ಕೆ ಸುರುವಿಕೊಂಡು, ನಿಂತಲ್ಲೇ ಕುಡಿಯತೊಡಗಿದರು. ಚಹಾ ಕೆಂಡದಂತಿತ್ತು. ನಾಲಿಗೆ ಸುಟ್ಟು ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ಆದರೂ ಬಿಡಲಿಲ್ಲ. ಅವ್ವ ನನ್ನ ತೋಳು ಹಿಡಿದು ದರದರ ಹೊರಗೆಳೆದುಕೊಂಡು ಬಂದಳು.

ನನಗೆ ಒಳಗೊಳಗೇ ಗೆದ್ದ ಖುಷಿ. ಬುಧಗಾಂವದ ಬಸ್ಸು ಹತ್ತಿ ಕೂತ ಮೇಲೆ ಅವ್ವ ಕೇಳಿದಳು.

"ಅವರನ್ನ ಯಾಕ ಕುಡಿಯಾಕ ಹಚ್ಚಿದಿ?"

"ನಾ ಹಚ್ಚಲಿಲ್ಲ. ಅವರಾಗೇ ಕುಡದ್ರು."

"ನೀನ ಹಚ್ಚಿದಿ. ಅವತ್ತ ನಮ್ಮಪ್ಪನ್ನ ಎಲ್ಲಾರ ಮುಂದ ತೊಳಿಯಾಕ ಹಚ್ಚಿದ್ರು. ಇವತ್ತ ನೀ ಇವರನ್ನ ಎಲ್ಲಾರ ಮುಂದ ಕುಡಿಯಾಕ ಹಚ್ಚಿದಿ. ಎಂಥಾ ಮನಷ್ಯಾ ಅಂವ, ನಿಮ್ಮಪ್ಪ ಸತ್ತಾಗ ಹೋಟೆಲ್ ಮುಚ್ಚಿ ಮಣ್ಣಿಗೆ ಬಂದಿದ್ದ."

ಎರಡೂ ಒಂದೇ ಅಲ್ಲ ಎಂದು ನಾನು ವಾದಿಸಿದೆ. ಇಂದಿಗೂ ವಾದಿಸುತ್ತೇನೆ. ಅಜ್ಜನಿಗೆ ಬೇರೆ ದಾರಿ ಇರಲಿಲ್ಲ, ಕಾಕಾನಿಗೆ ಇತ್ತು. ಅಜ್ಜನ ಹಿಂದೆ ಇಡೀ ಊರಿನ ಹೆದರಿಕೆ ಇತ್ತು, ಕಾಕಾನ ಮುಂದೆ ಇದ್ದದ್ದು ನನ್ನ ಬಾಯಿ ಅಷ್ಟೇ. ಆದರೆ ಕೆಮ್ಮುತ್ತ ನಿಂತಿದ್ದ ಆ ಮುಖ ನೆನಪಾದಾಗಲೆಲ್ಲ ನನ್ನ ವಾದ ಅರ್ಧಕ್ಕೆ ನಿಲ್ಲುತ್ತದೆ. ನನಗೆ ನಾಚಿಕೆಯಾಗುತ್ತದೆ. ಅವ್ವನಿಗಾಗಿ ಜಗಳ ಮಾಡುತ್ತಿದ್ದೇನೆ ಎಂದುಕೊಂಡೇ ನಾನು ಅವಳಿಗೆ ಎಲ್ಲಕ್ಕಿಂತ ಬೇಡವಾದದ್ದನ್ನು ಮಾಡಿದ್ದೆ. ತುಂಬಿದ ಹೋಟೆಲಿನ ಕಣ್ಣುಗಳನ್ನೆಲ್ಲ ಅವಳ ಒಂದು ಗ್ಲಾಸಿನ ಕಡೆ ತಿರುಗಿಸಿದ್ದೆ.

ಮೂರು ತಿಂಗಳು ಅವ್ವ ಆ ಕಡೆ ಕಾಲಿಡಲಿಲ್ಲ. ಆಮೇಲೆ ಒಂದು ದಿನ ನನಗೆ ಹೇಳದೆ ಒಬ್ಬಳೇ ಹೋಗಿ ಚಹಾ ಕುಡಿದು ಬಂದಳು. ಕಾಕಾ ಹಳೆಯದನ್ನು ಎತ್ತಲೇ ಇಲ್ಲವಂತೆ. ಅವಳು ಗ್ಲಾಸು ಹಿಡಿದು ಎದ್ದಾಗ ಇಷ್ಟು ಹೇಳಿದರಂತೆ: "ಅಕ್ಕಾರ, ತೊಳೀಬೇಕು ಅನಿಸಿದ್ರ ತೊಳೀರಿ, ಇಡಬೇಕು ಅನಿಸಿದ್ರ ಇಡ್ರಿ. ನಿಮ್ಮ ಮನಸ್ಸು."

"ಮತ್ತ ನೀ ಏನ ಮಾಡಿದಿ?" ಎಂದು ಆಸೆಯಿಂದ ಕೇಳಿದೆ.

"ತೊಳದೆ," ಎಂದಳು.

ಆಮೇಲೆ ನಾನು ಒತ್ತಾಯ ಬಿಟ್ಟೆ. "ಇಡವ್ವಾ" ಎನ್ನುವುದನ್ನು ಮಾತ್ರ ಬಿಡಲಿಲ್ಲ, ಬಾಯಿಯ ರೂಢಿ. ವರ್ಷಗಳು ಹೋದವು. ಅವ್ವನ ಮೊಣಕಾಲು ನೋಯತೊಡಗಿತು. ನಲ್ಲಿಯ ತನಕ ಹೋಗಿ ಬರಲು ಹೊತ್ತು ಹಿಡಿಯತೊಡಗಿತು. ನಾನು ಬಾಗಿಲಲ್ಲಿ ಚೀಲ ಹಿಡಿದು ಕಾಯುತ್ತಿದ್ದೆ. ಈ ಹಟದಲ್ಲಿ ನಾನು ಸೋತಂತೆಯೇ ಎಂದುಕೊಂಡಿದ್ದೆ.

ಹೋದ ಮಳೆಗಾಲದಲ್ಲಿ ಅವ್ವನ ಹೊಸ ಕನ್ನಡಕ ತರಲು ಮೂವರೂ ಸಾಂಗ್ಲಿಗೆ ಹೋದೆವು, ಅವ್ವ, ನಾನು, ನನ್ನ ಮಗಳು. ಮಗಳು ಅಲ್ಲೇ ಕಾಲೇಜಿಗೆ ಹೋಗುತ್ತಾಳೆ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡಲು ಹೋದರೆ ಎರಡನೆಯ ಶಬ್ದಕ್ಕೇ ಮರಾಠಿ ಬರುತ್ತದೆ. ತಮ್ಮ ಕಾಲೇಜಿನವರೆಲ್ಲ ಹೋಗುವ ಒಂದು ಹೊಸ ಜಾಗವಿದೆ, ಸೋವಿ, ಕಾಫಿ ಚೆನ್ನಾಗಿದೆ ಎಂದು ನಮ್ಮನ್ನು ಎಳೆದುಕೊಂಡು ಹೋದಳು. ಬೆಂಗಳೂರಿನ ಕಡೆಯ ನಮೂನೆಯದು. ಮುಂದೆ ಚೀಟಿ ತೆಗೆದುಕೊಂಡು, ತಟ್ಟೆಯನ್ನು ತಾವೇ ತಂದುಕೊಂಡು ನಿಂತು ತಿನ್ನುವುದು. ವಯಸ್ಸಾದವರಿಗೆಂದು ಗೋಡೆಯ ಪಕ್ಕ ಒಂದು ಮೇಜು, ನಾಲ್ಕು ಸ್ಟೂಲು. ಅವ್ವನನ್ನು ಅಲ್ಲಿ ಕೂರಿಸಿ ಇಡ್ಲಿ, ಸ್ಟೀಲಿನ ಲೋಟದಲ್ಲಿ ಕಾಫಿ ತಂದುಕೊಟ್ಟೆವು.

ಹೊಸ ಕನ್ನಡಕ ಹಾಕಿಕೊಂಡು ಅವ್ವ ಸುತ್ತ ನೋಡುತ್ತಿದ್ದಳು. ಬೂಟು ಹಾಕಿದವನೊಬ್ಬ ದೋಸೆ ತಿಂದು, ತಟ್ಟೆ ಲೋಟ ಎತ್ತಿಕೊಂಡು ಹೋಗಿ ಮೂಲೆಯ ದೊಡ್ಡ ಬುಟ್ಟಿಯಲ್ಲಿ ಹಾಕಿದ. ಅವನ ಹಿಂದೆ ರೇಷ್ಮೆ ಸೀರೆಯ ಹೆಂಗಸು, ಅವಳೂ ಹಾಕಿದಳು. ಕೊರಳಲ್ಲಿ ಆಸ್ಪತ್ರೆಯ ಗುರುತಿನ ಚೀಟಿ ತೂಗುಬಿಟ್ಟುಕೊಂಡ ಡಾಕ್ಟರೂ ಹಾಕಿದ. ಅವ್ವ ಇಡ್ಲಿ ತಿನ್ನುವುದನ್ನು ನಿಲ್ಲಿಸಿದಳು.

"ಇವ್ರೆಲ್ಲಾ ಯಾಕ ತಮ್ಮ ತಾಟ ತಾವ ಎತ್ತಾಕತ್ತಾರ?" ಎಂದು ಮೊಮ್ಮಗಳನ್ನು ಕೇಳಿದಳು.

ಮಗಳು ಗೋಡೆಯ ಮೇಲಿನ ಮರಾಠಿ ಬೋರ್ಡು ತೋರಿಸಿ, ಇಲ್ಲಿ ಪದ್ಧತಿಯೇ ಹಾಗೆ, ತಿಂದವರು ತಮ್ಮದನ್ನು ತಾವೇ ಎತ್ತಿಡಬೇಕು ಎಂದು ಮರಾಠಿಯಲ್ಲಿ ಹೇಳಿದಳು.

"ಎಲ್ಲಾರೂ?"

"ಎಲ್ಲಾರೂ, ಆಜಿ."

"ಯಾರ ಪೈಕಿ ಇದ್ರೂ?"

ಮಗಳು ನನ್ನ ಕಡೆ ನೋಡಿದಳು. ಅವಳಿಗೆ ಅಜ್ಜಿಯ ಊರಿನ ಕಥೆ ಗೊತ್ತು. "ಹೌದು, ಯಾರ ಇದ್ರೂ," ಎಂದಳು, ಈ ಸಲ ಪೂರ್ತಿ ಕನ್ನಡದಲ್ಲಿ.

ಅವ್ವ ಬಹಳ ಹೊತ್ತು ಆ ಬುಟ್ಟಿಯ ಕಡೆ ನೋಡಿದಳು. ಒಬ್ಬೊಬ್ಬರು ಹೋಗಿ ಇಟ್ಟು ಬರುವುದನ್ನು ಬಾಯಿ ಮೇಲೆ ಸೆರಗು ಇಟ್ಟುಕೊಂಡು ನೋಡಿದಳು, ನಗುತ್ತಿದ್ದಾಳೋ ಏನೋ ನನಗೆ ತಿಳಿಯಲಿಲ್ಲ. ಕಾಫಿ ಆರಿಹೋಗಿತ್ತು. ನಿಧಾನಕ್ಕೆ ಕುಡಿದು ಮುಗಿಸಿದಳು. ಇದು ಅವಳ ಜಾಗ, ಇಲ್ಲಿ ಅವಳ ರೂಢಿಗೆ ಯಾರೂ ನಗುವುದಿಲ್ಲ, ನಾನೂ ಬಾಗಿಲಲ್ಲಿ ಮುಖ ಗಂಟಿಕ್ಕಿ ನಿಲ್ಲಬೇಕಾಗಿಲ್ಲ ಎಂದು ನನಗೆ ನೆಮ್ಮದಿಯಾಯಿತು. ಎದ್ದು ನನ್ನ ತಟ್ಟೆ ಎತ್ತಿಕೊಂಡೆ. ಮಗಳೂ ತನ್ನದನ್ನು ಎತ್ತಿಕೊಂಡಳು.

ಅವ್ವ ಲೋಟವನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟಳು.

ಅಪ್ಪ ಮಾಡುತ್ತಿದ್ದ ಸದ್ದು. ಮೊಣಕಾಲು ಒತ್ತಿ ಹಿಡಿದು ಎದ್ದಳು. ಖಾಲಿ ತಟ್ಟೆ, ಖಾಲಿ ಲೋಟ ಅಲ್ಲೇ ಇದ್ದವು. ಕೈಯಲ್ಲಿ ಏನೂ ಇಲ್ಲದೆ ಬಾಗಿಲ ಕಡೆ ನಡೆದಳು.

ಒಂದು ಹೆಜ್ಜೆ, ಎರಡು, ಮೂರು. ಪಕ್ಕದಲ್ಲಿ ನಿಂತು ತಿನ್ನುತ್ತಿದ್ದ ಒಬ್ಬ ಯುವಕ, ಒಳ್ಳೆಯ ಮಾತಿನಲ್ಲೇ, ಹಿಂದಿನಿಂದ ಕರೆದ. "ಆಜೀ! ಗ್ಲಾಸ್ ತಿಕಡೆ ಠೇವಾಯಚಾ." ಆಜಿ, ಗ್ಲಾಸು ಅಲ್ಲಿ ಇಡಬೇಕು.

ಅವ್ವ ನಿಂತಳು. ಅರವತ್ತು ವರ್ಷ ಅವಳು ಯಾವ ಕೂಗಿಗೆ ಹೆದರಿ ಎಲ್ಲ ಹೋಟೆಲುಗಳಲ್ಲಿ ನಲ್ಲಿ ಹುಡುಕಿದ್ದಳೋ ಆ ಕೂಗು ಕಡೆಗೂ ಬಂದಿತ್ತು. ಅದೂ ಇಂಥ ಜಾಗದಲ್ಲಿ. ಎರಡು ಮೂರು ಮಂದಿ ತಲೆ ಎತ್ತಿ ನೋಡಿದರು. ಅವ್ವ ತಿರುಗಿದಳು. ಹೊಸ ಕನ್ನಡಕದೊಳಗಿಂದ ಅವನನ್ನು ಸಮಾಧಾನವಾಗಿ ನೋಡಿದಳು.

"ಗೊತ್ತೈತಿ ತಮ್ಮಾ," ಎಂದಳು ಕನ್ನಡದಲ್ಲೇ. ತಿರುಗಿ ಹೊರಗೆ ಹೋದಳು.

ಅವನಿಗೆ ಏನು ತಿಳಿಯಿತೋ ಏನೋ, ಹೆಗಲು ಹಾರಿಸಿ ತಿನ್ನತೊಡಗಿದ. ನನಗೆ ಮಾತ್ರ ಕಿವಿ ಬಿಸಿಯಾಯಿತು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ, ಇವರಿಗೆ ಇಷ್ಟೂ ರೀತಿ ಗೊತ್ತಿಲ್ಲ ಎಂದುಕೊಳ್ಳುತ್ತಿದ್ದಾರೆ ಅನ್ನಿಸಿತು. ನೋಡನೋಡುತ್ತಿದ್ದಂತೆ ನನ್ನ ಕೈ ಅವ್ವನ ಲೋಟದ ಕಡೆ ಹೋಗಿತ್ತು. ಮಗಳು ನನ್ನ ಮಣಿಕಟ್ಟು ಹಿಡಿದಳು.

"ರಾಹು ದೇ, ಅವ್ವಾ," ಎಂದಳು. ಇರಲಿ ಬಿಡು.

ನಮ್ಮಿಬ್ಬರ ತಟ್ಟೆಗಳನ್ನು ಬುಟ್ಟಿಗೆ ಹಾಕಿ ಹೊರಗೆ ಬಂದೆವು. ಅವ್ವ ಗಾಜಿನ ಬಾಗಿಲ ಆಚೆ, ಜಿನುಗು ಮಳೆಯಲ್ಲಿ, ಒಳಗೆ ನೋಡುತ್ತ ನಿಂತಿದ್ದಳು. ಮೇಜು ಒರೆಸುವ ಹೆಂಗಸು ಬಂದು, ಆ ತಟ್ಟೆ ಲೋಟವನ್ನು ಬೇರೆ ನಾಲ್ಕರ ಜೊತೆ ಎತ್ತಿ ಬುಟ್ಟಿಗೆ ಹಾಕಿ, ಮೇಜು ಒರೆಸಿ ಮುಂದೆ ಹೋದಳು. ಯಾರದು ಎಂದು ತಲೆ ಎತ್ತಿ ಸಹ ನೋಡಲಿಲ್ಲ. ಅಷ್ಟು ನೋಡಿದ ಮೇಲೆ ಅವ್ವ ರಿಕ್ಷಾಕ್ಕೆ ಕೈ ಮಾಡಿದಳು.

ರಿಕ್ಷಾ ಬಂದು ನಿಂತಿತು. ಹತ್ತುವ ಮೊದಲು ಅವ್ವ ನನ್ನ ಮುಖ ನೋಡಿದಳು.

"ಇಪ್ಪತ್ತ ವರ್ಷ ಇಡು, ಇಡು ಅಂತ ಬೆನ್ನ ಹತ್ತಿದ್ದಿ. ಇಟ್ಟ ಬಂದೆ ನೋಡು," ಎಂದಳು. "ಮತ್ತ ನೀ ಯಾಕ ತಲಿ ತಗ್ಗಿಸಿಕೊಂಡು ಬರಾಕತ್ತಿ?"